ಪರದೆಯ ಮೂಲೆಯ ಅನಾಹೂತ ಸಂದೇಶಗಳು

ಮನೆಯ ಕಂಪ್ಯೂಟರಿನ ಮುಂದೆ ಕುಳಿತು ವಿದ್ಯುತ್ತಿನ ಬಿಲ್ಲನ್ನು ಪಾವತಿ ಮಾಡುತ್ತಲೋ, ಪಹಣಿಯ ಪ್ರತಿಯೊಂದನ್ನು ತೆಗೆಯುತ್ತಲೋ, ಅಥವಾ ಯಾವ ಘನ ಉದ್ದೇಶವೂ ಇಲ್ಲದೆ ಹಳೆಯ ಚಲನಚಿತ್ರಗೀತೆಯೊಂದನ್ನು ಕೇಳುತ್ತಲೋ ಇರುವ ಗೃಹಸ್ಥನ ಎದುರಿಗೆ, ಪರದೆಯ ಬಲಗಡೆಯ ಕೆಳಮೂಲೆಯಿಂದ ಚಿಕ್ಕದೊಂದು ಚೌಕವು ತಲೆಯೆತ್ತಿ, ನಿನ್ನ ಯಂತ್ರದಲ್ಲಿ ಐದು ವೈರಸ್ಸುಗಳು ಸೇರಿಕೊಂಡಿವೆಯೆಂದೂ, ರಕ್ಷಣೆಯ ಚಂದಾ ನಿನ್ನೆಗೆ ಮುಗಿದುಹೋಯಿತೆಂದೂ, ಈ ಕ್ಷಣದಲ್ಲಿ ಇಲ್ಲಿ ಒತ್ತದಿದ್ದರೆ ಛಾಯಾಚಿತ್ರಗಳೆಲ್ಲವೂ ನಾಶವಾಗುವುವೆಂದೂ ಸಾರಿದರೆ, ಆತನ ಮನಸ್ಸಿನಲ್ಲಿ ಮೊದಲನೆಯ ಸಲ ಭಯವೂ, ಎರಡನೆಯ ಸಲ ಸಂಶಯವೂ, ಹತ್ತನೆಯ ಸಲ ಬರಿಯ ಜುಗುಪ್ಸೆಯೂ ಹುಟ್ಟುವುದು ಸಹಜ. ಭಯದ ಘಟ್ಟದಲ್ಲಿಯೇ ಒತ್ತಿದವನು ಹಣ ಕಳೆದುಕೊಳ್ಳುತ್ತಾನೆ. ಜುಗುಪ್ಸೆಯ ಘಟ್ಟವನ್ನು ತಲುಪಿದವನು ಯಂತ್ರವನ್ನು ಹೊತ್ತುಕೊಂಡು ರಿಪೇರಿಯ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಅದರಲ್ಲಿದ್ದುದನ್ನೆಲ್ಲ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿ, ಐನೂರೋ ಸಾವಿರವೋ ಪಡೆದು ಕಳುಹಿಸುತ್ತಾರೆ. ಕೆಲವು ವಾರಗಳ ಕಾಲ ನೆಮ್ಮದಿ ನೆಲಸುತ್ತದೆ. ಆಮೇಲೆ ಅದೇ ಮೂಲೆ, ಅದೇ ಚೌಕ, ಅದೇ ಐದು ವೈರಸ್ಸುಗಳು.

ಈ ಪುನರಾಗಮನದಲ್ಲಿ ನಿಗೂಢವಾದುದೇನೂ ಇಲ್ಲ. ಹೀಗೆ ಮೂಲೆಯಲ್ಲಿ ಕಾಣಿಸಿಕೊಳ್ಳುವ ಸಂದೇಶಗಳಲ್ಲಿ ಬಹುಪಾಲು ಯಾವ ವೈರಸ್ಸಿನ ಕೃತ್ಯವೂ ಅಲ್ಲ. ಅವು ಯಾವುದೋ ಒಂದು ಜಾಲತಾಣವು ನಮ್ಮ ಬ್ರೌಸರಿನ ಮೂಲಕ, ನ್ಯಾಯಸಮ್ಮತವಾದ ಮಾರ್ಗದಲ್ಲಿಯೇ, ಕಳುಹಿಸುವ ನೋಟಿಫಿಕೇಷನ್ನುಗಳು. ಹಾಗೆ ಕಳುಹಿಸುವ ಅಧಿಕಾರವನ್ನು ಆ ತಾಣಕ್ಕೆ ದಾನಮಾಡಿದವನು, ಅರಿತೋ ಅರಿಯದೆಯೋ, ಆ ಗೃಹಸ್ಥನೇ. ಅಂಗಡಿಯಲ್ಲಿ ಯಂತ್ರವನ್ನು ಅಳಿಸಿದಾಗ ಆ ದಾನಪತ್ರವೂ ಅಳಿಸಿಹೋಯಿತು. ಮನೆಗೆ ಬಂದು ಅದೇ ಬಗೆಯ ತಾಣಕ್ಕೆ ಮತ್ತೆ ಹೋದಾಗ ಹೊಸದೊಂದು ಪತ್ರಕ್ಕೆ ರುಜು ಬಿತ್ತು. ಆದುದರಿಂದ ಇಲ್ಲಿ ಬೇಕಾದುದು ಔಷಧಿಯಲ್ಲ, ಅನುಮತಿಯ ಪ್ರತ್ಯಾಹಾರ. ಅದಕ್ಕೆ ಕಾಸು ಖರ್ಚಿಲ್ಲ, ಐದು ನಿಮಿಷಕ್ಕಿಂತ ಹೆಚ್ಚು ಕಾಲವೂ ಬೇಡ. ವಿಧಾನವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಉಪದ್ರವದ ವಂಶಚರಿತ್ರೆಯನ್ನು ಸ್ವಲ್ಪ ನೋಡುವುದು ವ್ಯರ್ಥವಾಗದು. ಏಕೆಂದರೆ ಇಂದು ಪರದೆಯ ಮೇಲೆ ನಡೆಯುತ್ತಿರುವ ವಂಚನೆಗಳಲ್ಲಿ ಹೊಸದೆಂದು ಹೇಳಬಹುದಾದುದು ಬಹು ಸ್ವಲ್ಪ.

ಕೇಳದೆಯೇ ತೆರೆದುಕೊಳ್ಳುವ ಜಾಹೀರಾತಿನ ಕಿಟಕಿಯು ಹುಟ್ಟಿದ್ದು 1990ರ ದಶಕದ ಮಧ್ಯಭಾಗದಲ್ಲಿ, ಅಮೆರಿಕದ ಟ್ರೈಪಾಡ್ ಎಂಬ ಸಂಸ್ಥೆಯಲ್ಲಿ. ಜನರು ತಮ್ಮ ಸ್ವಂತ ಪುಟಗಳನ್ನು ಉಚಿತವಾಗಿ ನಿರ್ಮಿಸಿಕೊಳ್ಳಲು ಸ್ಥಳ ಕೊಡುತ್ತಿದ್ದ ಆ ಸಂಸ್ಥೆಗೆ ಜಾಹೀರಾತೇ ಜೀವನಾಧಾರ. ಒಂದು ದೊಡ್ಡ ಕಾರು ಕಂಪೆನಿಯು ತನ್ನ ಜಾಹೀರಾತು ಅಶ್ಲೀಲವಾದ ಪುಟವೊಂದರ ಮೇಲೆ ಪ್ರಕಟವಾದುದನ್ನು ಕಂಡು ಕೋಪಗೊಂಡಿತು. ಪುಟಕ್ಕೂ ಜಾಹೀರಾತಿಗೂ ಸಂಬಂಧವಿಲ್ಲವೆಂದು ತೋರಿಸುವುದಕ್ಕಾಗಿ, ಜಾಹೀರಾತನ್ನು ಪ್ರತ್ಯೇಕವಾದ ಕಿಟಕಿಯೊಂದರಲ್ಲಿ ತೆರೆಯುವ ಉಪಾಯವನ್ನು ಅಲ್ಲಿದ್ದ ಈಥನ್ ಜುಕರ್‌ಮನ್ ಎಂಬ ತಂತ್ರಜ್ಞರು ಬರೆದುಕೊಟ್ಟರು. ಮರ್ಯಾದೆಯನ್ನು ಕಾಪಾಡಲು ಹುಟ್ಟಿದ ಈ ಉಪಾಯವು ಮುಂದೆ ಮರ್ಯಾದೆಯೇ ಇಲ್ಲದ ವ್ಯಾಪಾರಕ್ಕೆ ವಾಹನವಾದುದನ್ನು ಕಂಡು, ಅದೇ ಜುಕರ್‌ಮನ್ 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಆ ವೇಳೆಗೆ ಬ್ರೌಸರುಗಳೇ ಇಂಥ ಕಿಟಕಿಗಳನ್ನು ತಡೆಯಲು ಕಲಿತು ಹತ್ತು ವರ್ಷಗಳಿಗೂ ಮೀರಿದ್ದುವು.

ಆದರೆ ಮನೆಯ ಕಂಪ್ಯೂಟರಿಗೆ ಬಂದ ಉಪದ್ರವಗಳಲ್ಲೆಲ್ಲ ನನಗೆ ಅತ್ಯಂತ ಬೋಧಪ್ರದವಾಗಿ ತೋರುವುದು, ಈಗಿನವರು ಬಹುಮಟ್ಟಿಗೆ ಮರೆತಿರುವ ಇನ್ನೊಂದು ಪ್ರಸಂಗ. ವಿಂಡೋಸ್ ಎನ್‌ಟಿ, 2000 ಮತ್ತು ಎಕ್ಸ್‌ಪಿ ಆವೃತ್ತಿಗಳಲ್ಲಿ ‘ಮೆಸೆಂಜರ್ ಸರ್ವಿಸ್’ ಎಂಬುದೊಂದು ಸೌಕರ್ಯವಿದ್ದಿತು. ಹರಟೆಯ ಸಾಧನವಾಗಿದ್ದ ‘ವಿಂಡೋಸ್ ಮೆಸೆಂಜರ್’ ಬೇರೆ, ಇದು ಬೇರೆ. ಹೆಸರಿನ ಸಾಮ್ಯದಿಂದ ಆಗ ಅನೇಕರು ಮೋಸಹೋಗಿ ಒಂದನ್ನು ಮುಚ್ಚಲು ಹೊರಟು ಇನ್ನೊಂದನ್ನು ಕಿತ್ತುಹಾಕುತ್ತಿದ್ದರು. ಕಚೇರಿಯೊಳಗಿನ ಜಾಲದಲ್ಲಿ, ಸರ್ವರನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಲ್ಲಿಸಲಾಗುವುದು, ಕೆಲಸವನ್ನು ಉಳಿಸಿಕೊಳ್ಳಿ ಎಂದು ವ್ಯವಸ್ಥಾಪಕನು ಎಲ್ಲರಿಗೂ ತಿಳಿಸುವುದಕ್ಕೋ, ನೀವು ಕಳುಹಿಸಿದ ಕಾಗದದ ಮುದ್ರಣ ಮುಗಿಯಿತೆಂದು ಪ್ರಿಂಟರು ವರದಿಮಾಡುವುದಕ್ಕೋ ಏರ್ಪಟ್ಟದ್ದು ಅದು. ‘ನೆಟ್ ಸೆಂಡ್’ ಎಂಬ ಆಜ್ಞೆಯೊಂದನ್ನು ಬರೆದು ಮುಂದೆ ಸಂದೇಶವನ್ನು ಸೇರಿಸಿದರೆ ಸಾಕು, ಎದುರಿನ ಯಂತ್ರದ ಮೇಲೆ ಬೂದುಬಣ್ಣದ ಪೆಟ್ಟಿಗೆಯೊಂದು ಥಟ್ಟನೆ ತೆರೆದುಕೊಳ್ಳುತ್ತಿತ್ತು. ಚಿತ್ರವಿಲ್ಲ, ಬಣ್ಣವಿಲ್ಲ; ನಾಲ್ಕು ಸಾಲು ಅಕ್ಷರ, ಕೆಳಗೊಂದು ‘ಓಕೆ’ ಗುಂಡಿ.

ಕಚೇರಿಯ ಗೋಡೆಗಳೊಳಗೆ ನಿರಪಾಯವಾಗಿದ್ದ ಈ ಸೌಕರ್ಯವು, ಅದೇ ವಿಂಡೋಸ್ ಮನೆಮನೆಗೂ ಬಂದು ನೇರವಾಗಿ ಅಂತರಜಾಲಕ್ಕೆ ತಗಲಿಕೊಂಡಾಗ, ಯಾರು ಬೇಕಾದರೂ ಕೂಗಿ ಹೋಗಬಹುದಾದ ದ್ವಾರವಾಯಿತು. ಯಂತ್ರದ 135ನೆಯ ಪೋರ್ಟು ತೆರೆದಿದ್ದರೆ ಸಾಕು. ಬ್ರೌಸರನ್ನು ತೆರೆದಿರಬೇಕಾದ ಅಗತ್ಯವೂ ಇರಲಿಲ್ಲ, ಯಾವ ತಾಣಕ್ಕೂ ಹೋಗಿರಬೇಕಾಗಿರಲಿಲ್ಲ. 2002ರ ಸುಮಾರಿಗೆ ಇದನ್ನು ಕಂಡುಕೊಂಡ ವ್ಯಾಪಾರಿಗಳು, ವಿಳಾಸಗಳ ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಹಿಡಿದು ಲಕ್ಷಗಟ್ಟಲೆ ಯಂತ್ರಗಳಿಗೆ ಏಕಕಾಲದಲ್ಲಿ ಸಂದೇಶ ಬಿತ್ತುವ ತಂತ್ರಾಂಶಗಳನ್ನೇ ರಚಿಸಿ ಮಾರತೊಡಗಿದರು. ಓದದೆಯೇ ಪದವಿ ಕೊಡುತ್ತೇವೆಂಬುದು ಒಂದು, ಸಾಲ ತೀರಿಸುತ್ತೇವೆಂಬುದು ಇನ್ನೊಂದು, ಹೀಗೆ ಕಂಪ್ಯೂಟರಿನ ಸ್ವಂತ ದನಿಯಲ್ಲಿಯೇ, ವಿಂಡೋಸಿನ ಅಧಿಕೃತ ಪೆಟ್ಟಿಗೆಯ ವೇಷದಲ್ಲಿಯೇ, ಸಂದೇಶಗಳು ಬರತೊಡಗಿದುವು. ಅವುಗಳ ಬಲವಿದ್ದುದೆಲ್ಲ ಆ ವೇಷದಲ್ಲಿ. ಅಂಚೆಯಲ್ಲಿ ಬಂದ ಜಾಹೀರಾತನ್ನು ಹರಿದೆಸೆಯುವ ಮನುಷ್ಯನೂ, ಯಂತ್ರವೇ ಮಾತನಾಡುತ್ತಿದೆಯೆಂದು ಭ್ರಮಿಸಿದಾಗ ವಿಧೇಯನಾಗಿಬಿಡುತ್ತಾನೆ.

ಇದರ ಪರಾಕಾಷ್ಠೆಯನ್ನು ಮುಟ್ಟಿದ ಮೊಕದ್ದಮೆಯೊಂದು 2003ರ ನವೆಂಬರಿನಲ್ಲಿ ಹೊರಬಂದಿತು. ಸ್ಯಾನ್ ಡಿಯಾಗೋ ನಗರದ ಡಿ ಸ್ಕ್ವೇರ್ಡ್ ಸಲ್ಯೂಷನ್ಸ್ ಎಂಬ ಸಣ್ಣ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಆ ಮೊಕದ್ದಮೆಯ ಆರೋಪವಿಷ್ಟೆ: ಈ ಸಂಸ್ಥೆಯು ಮೆಸೆಂಜರ್ ಸರ್ವಿಸಿನ ಮೂಲಕ ಜನರ ಪರದೆಯ ಮೇಲೆ, ಕೆಲವೊಮ್ಮೆ ಹತ್ತು ಹತ್ತು ನಿಮಿಷಕ್ಕೊಂದರಂತೆ, ಪೆಟ್ಟಿಗೆಗಳನ್ನು ಎಸೆಯುತ್ತಿತ್ತು, ಆ ಪೆಟ್ಟಿಗೆಗಳಲ್ಲಿ ಬರೆದಿರುತ್ತಿದ್ದುದು, ಇಂಥ ಪೆಟ್ಟಿಗೆಗಳು ಬಾರದಂತೆ ತಡೆಯುವ ತಂತ್ರಾಂಶವು ನಮ್ಮಲ್ಲಿ ದೊರೆಯುತ್ತದೆ, ಹಣ ಕೊಟ್ಟು ಕೊಳ್ಳಿ, ಎಂದು. ಬಣವೆಗೆ ಕಿಡಿಯಿಟ್ಟವನೇ ಕೊಡ ಹೊತ್ತು ನೀರು ಮಾರಲು ಬಾಗಿಲಿಗೆ ಬಂದಂತಾಯಿತು. ಹಾಸ್ಯವೆಂದರೆ, ಮಾರಾಟಕ್ಕಿಟ್ಟ ಆ ಔಷಧಿಯ ಕೆಲಸವನ್ನು ಯಾವನಾದರೂ ಬಿಟ್ಟಿಯಾಗಿ ತಾನೇ ಮಾಡಿಕೊಳ್ಳಬಹುದಾಗಿತ್ತು: ಕಂಟ್ರೋಲ್ ಪ್ಯಾನೆಲಿನಲ್ಲಿ ಸರ್ವಿಸಸ್ ಎಂಬ ಪಟ್ಟಿಯನ್ನು ತೆರೆದು, ಮೆಸೆಂಜರ್ ಎಂಬುದರ ಎದುರಿಗೆ ‘ಡಿಸೇಬಲ್ಡ್’ ಎಂದು ಆಯ್ದರೆ ತೀರಿತು. ಮರುವರ್ಷ ಆ ಸಂಸ್ಥೆಯು ಇಂಥ ಸಂದೇಶಗಳನ್ನು ಇನ್ನು ಕಳುಹಿಸುವುದಿಲ್ಲವೆಂದು ಒಪ್ಪಿಕೊಂಡು ರಾಜಿಯಾಯಿತು. 2004ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಎಂಬ ಪರಿಷ್ಕರಣವು ಮೆಸೆಂಜರ್ ಸರ್ವಿಸನ್ನು ತಾನಾಗಿಯೇ ನಿಲ್ಲಿಸಿತು, ಫೈರ್‌ವಾಲನ್ನು ತಾನಾಗಿಯೇ ಹಚ್ಚಿತು, ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಕಿಟಕಿತಡೆಯನ್ನೂ ಕೂಡಿಸಿತು. ಆಮೇಲೆ ಬಂದ ವಿಸ್ಟಾದಲ್ಲಿ ಆ ಸೌಕರ್ಯವೇ ಇಲ್ಲವಾಯಿತು.

ರೋಗವನ್ನು ಕುರಿತು ಎಚ್ಚರಿಸುವ ಪೆಟ್ಟಿಗೆಯೊಳಗೇ ಔಷಧಿಯ ಬೆಲೆಯೂ ಬರೆದಿದ್ದರೆ ಆ ರೋಗವು ಪೆಟ್ಟಿಗೆಯವನದೇ ಸೃಷ್ಟಿಯಿರಬೇಕೆಂದು ಶಂಕಿಸುವುದು ನ್ಯಾಯ. ಅಂದು ಸತ್ಯವಾಗಿದ್ದ ಈ ಮಾತು ಇಂದಿಗೂ ಅಕ್ಷರಶಃ ಸತ್ಯ. ಬದಲಾಗಿರುವುದು ದ್ವಾರ ಮಾತ್ರ. 2015ರ ಏಪ್ರಿಲಿನಲ್ಲಿ ಕ್ರೋಮ್ ಬ್ರೌಸರಿನ 42ನೆಯ ಆವೃತ್ತಿಯು, ಜಾಲತಾಣಗಳು ತಮ್ಮ ಪುಟವು ತೆರೆದಿಲ್ಲದಿದ್ದಾಗಲೂ ಓದುಗನಿಗೆ ಸಂದೇಶ ತಲುಪಿಸುವ ‘ಪುಷ್’ ವ್ಯವಸ್ಥೆಯನ್ನು ಜಾರಿಗೆ ತಂದಿತು. ಇತರ ಬ್ರೌಸರುಗಳೂ ಹಿಂಬಾಲಿಸಿದುವು. ಉದ್ದೇಶ ಒಳ್ಳೆಯದೇ: ಮಿಂಚಂಚೆ ಬಂದುದನ್ನೋ, ಸಭೆಯ ವೇಳೆಯಾದುದನ್ನೋ ತಿಳಿಸಬೇಕಷ್ಟೆ. ಮೆಸೆಂಜರ್ ಸರ್ವಿಸಿನಲ್ಲಿ ಇಲ್ಲದಿದ್ದ ಒಂದು ವಿವೇಕವೂ ಇದರಲ್ಲಿತ್ತು. ಓದುಗನು ‘ಅಲೌ’ ಎಂಬ ಗುಂಡಿಯನ್ನು ಒತ್ತಿ ಸಮ್ಮತಿಸಿದ ಹೊರತು ಯಾವ ತಾಣವೂ ಸಂದೇಶ ಕಳುಹಿಸಲಾರದು. ಬಾಗಿಲಿಗೆ ಅಗುಳಿಯನ್ನಿಟ್ಟರು, ಆದರೆ ಆ ಅಗುಳಿಯನ್ನು ಮನೆಯವನೇ ತೆಗೆಯುವಂತೆ ಮಾಡುವ ಕಲೆ ವಂಚಕರಿಗೆ ಆ ವೇಳೆಗೆ ಕರಗತವಾಗಿದ್ದಿತು.

ಆ ಕಲೆ ಹೇಗೆಂದರೆ: ಕನ್ನಡದ ಒಂದು ಅಕ್ಷರವಿನ್ಯಾಸವನ್ನು ಉಚಿತವಾಗಿ ಇಳಿಸಿಕೊಳ್ಳಬೇಕೆಂದೋ, ಅಲಭ್ಯವಾದ ಪುಸ್ತಕವೊಂದರ ಪಿಡಿಎಫ್ ಸಿಗುವುದೇ ಎಂದೋ, ಚಿತ್ರಮಂದಿರದಲ್ಲಿ ನಿನ್ನೆ ತಾನೆ ಬಿಡುಗಡೆಯಾದ ಚಿತ್ರವನ್ನು (ಇದು ಅಪರಾಧವೆಂದು ತಿಳಿದೂ) ಇಲ್ಲಿಯೇ ನೋಡಬಹುದೇ ಎಂದೋ ಹುಡುಕುತ್ತ ಹೊರಟವನನ್ನು, ಒಂದು ತಾಣವು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾಟಿಸಿ, ಕೊನೆಗೆ ಖಾಲಿಯಾದೊಂದು ಪುಟದಲ್ಲಿ ತಂದು ನಿಲ್ಲಿಸುತ್ತದೆ. ಅಲ್ಲಿ ಒಂದು ಯಂತ್ರಮಾನವನ ಚಿತ್ರ. ನೀವು ಯಂತ್ರವಲ್ಲ, ಮನುಷ್ಯರೆಂಬುದನ್ನು ರುಜುವಾತುಪಡಿಸಲು ‘ಅಲೌ’ ಒತ್ತಿರಿ ಎಂಬ ಬರಹ. ಮೇಲ್ಭಾಗದಲ್ಲಿ ಬ್ರೌಸರು ತನ್ನ ಕರ್ತವ್ಯವನ್ನು ತಪ್ಪದೆ, ಈ ತಾಣವು ನೋಟಿಫಿಕೇಷನ್ ತೋರಿಸಲು ಬಯಸುತ್ತದೆ, ಸಮ್ಮತಿಯುಂಟೆ ಎಂದು ಸಣ್ಣ ಅಕ್ಷರದಲ್ಲಿ ಕೇಳುತ್ತಲೇ ಇರುತ್ತದೆ. ಆದರೆ ಪುಟದ ದೊಡ್ಡ ಅಕ್ಷರಗಳನ್ನು ಓದಿ ಬಂದ ಕಣ್ಣಿಗೆ ಆ ಸಣ್ಣ ಪ್ರಶ್ನೆಯೂ ಪರೀಕ್ಷೆಯ ಅಂಗವೆಂದೇ ತೋರುತ್ತದೆ. ಒಂದು ಒತ್ತು, ಅಧಿಕಾರಪತ್ರ ಸಿದ್ಧ. ಸಂದೇಶಗಳು ಆಗಲೇ ಬಾರದೆ ಮರುದಿನವೋ ಮುಂದಿನ ವಾರವೋ ಬರತೊಡಗುವುದುಂಟಾದ್ದರಿಂದ, ಕಾರ್ಯಕ್ಕೂ ಕಾರಣಕ್ಕೂ ಇರುವ ನಂಟು ಗೃಹಸ್ಥನ ನೆನಪಿನಲ್ಲಿ ಉಳಿಯುವುದೇ ಇಲ್ಲ.

ಪರಿಹಾರಕ್ಕೆ ಬರೋಣ. ಚೌಕವು ಕಾಣಿಸಿಕೊಂಡಾಗ ಅದರ ಒಡಲಿನ ಮೇಲೆ ಎಲ್ಲಿಯೂ ಒತ್ತದೆ, ಮೊದಲು ಅದನ್ನು ಓದಬೇಕು. ಭಯಂಕರವಾದ ಶೀರ್ಷಿಕೆಯ ಆಸುಪಾಸಿನಲ್ಲಿ, ಮಸುಕಾದ ಸಣ್ಣ ಅಕ್ಷರಗಳಲ್ಲಿ, ಬ್ರೌಸರಿನ ಹೆಸರೂ, ಕಳುಹಿಸಿದ ತಾಣದ ವಿಳಾಸವೂ ಇರುತ್ತವೆ; ವೈರಸ್ ನಿರೋಧಕ ಸಂಸ್ಥೆಯೊಂದರ ಹೆಸರನ್ನು ಹೊತ್ತು ಬಂದ ಎಚ್ಚರಿಕೆಯ ಕೆಳಗೆ ಅರ್ಥವಿಲ್ಲದ ಅಕ್ಷರಸರಣಿಯ ವಿಳಾಸವಿದ್ದರೆ ಇನ್ನು ವಿಚಾರಣೆಯ ಅಗತ್ಯವಿಲ್ಲ. ಆಮೇಲೆ ಕ್ರೋಮಿನಲ್ಲಾದರೆ ಬಲಗಡೆಯ ಮೇಲುತುದಿಯ ಮೂರು ಚುಕ್ಕೆಗಳನ್ನು ಒತ್ತಿ, ಸೆಟ್ಟಿಂಗ್ಸ್ ತೆರೆದು, ಪ್ರೈವೆಸಿ ಅಂಡ್ ಸೆಕ್ಯುರಿಟಿ ಎಂಬ ವಿಭಾಗದಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್ ಎಂಬಲ್ಲಿಗೆ ಹೋಗಬೇಕು. ಎಡ್ಜ್‌ನಲ್ಲಿಯೂ ಫೈರ್‌ಫಾಕ್ಸ್‌ನಲ್ಲಿಯೂ ಪರ್ಮಿಷನ್ಸ್ ಎಂಬ ಹೆಸರಿನ ಭಾಗದಲ್ಲಿ ಇದೇ ಪಟ್ಟಿ ಸಿಗುತ್ತದೆ. ಬ್ರೌಸರಿನ ಸಂಸ್ಥೆಗಳು ವರ್ಷಕ್ಕೊಮ್ಮೆ ಮನೆಯೊಳಗಿನ ಸಾಮಾನುಗಳನ್ನೆಲ್ಲ ಸ್ಥಳಾಂತರಿಸುವ ಚಟವುಳ್ಳವಾದುದರಿಂದ, ದಾರಿ ತಪ್ಪಿದರೆ ಸೆಟ್ಟಿಂಗ್ಸ್ ಪುಟದ ಹುಡುಕುಪೆಟ್ಟಿಗೆಯಲ್ಲಿ ನೋಟಿಫಿಕೇಷನ್ ಎಂದು ಇಂಗ್ಲಿಷಿನಲ್ಲಿ ಬರೆಯುವುದು ಎಲ್ಲಕ್ಕಿಂತ ಸುಲಭ. ಅಲ್ಲಿ, ಸಂದೇಶ ಕಳುಹಿಸಲು ಅನುಮತಿಯುಳ್ಳ ತಾಣಗಳ ಯಾದಿಯು ಕಣ್ಣಿಗೆ ಬೀಳುವುದು. ತಾವು ಕನಸಿನಲ್ಲಿಯೂ ಕಾಣದ ಹೆಸರುಗಳನ್ನು ಅನೇಕರು ಅಲ್ಲಿ ಕಂಡು ಬೆರಗಾಗುತ್ತಾರೆ. ಅಂಥ ಪ್ರತಿಯೊಂದರ ಪಕ್ಕದ ಚುಕ್ಕೆಗಳನ್ನು ಒತ್ತಿದಾಗ ‘ರಿಮೂವ್’, ‘ಬ್ಲಾಕ್’ ಎಂಬ ಆಯ್ಕೆಗಳು ದೊರೆಯುತ್ತವೆ. ತೆಗೆದುಹಾಕಿದ ತಾಣವು ಮುಂದೊಮ್ಮೆ ಮತ್ತೆ ಬಂದು ಅನುಮತಿ ಕೇಳಬಲ್ಲುದು; ನಿರ್ಬಂಧಿಸಿದ ತಾಣವು ಕೇಳಲೂ ಆರದು. ಆದುದರಿಂದ ನಿರ್ಬಂಧವೇ ಲೇಸು.

ಇದಕ್ಕಿಂತಲೂ ಬುಡಕ್ಕೆ ಹೋಗುವ ಉಪಾಯವೊಂದುಂಟು: ಯಾವ ತಾಣವೂ ಈ ಅನುಮತಿಯನ್ನು ಕೇಳಲೇ ಕೂಡದೆಂದು ಅದೇ ಪುಟದಲ್ಲಿ ಒಂದೇ ಬಾರಿಗೆ ವಿಧಿಸಿಬಿಡುವುದು. ಇದರಿಂದ ಏನಾದರೂ ನಷ್ಟವಾದೀತೆಂದು ಅಂಜುವವರಿಗೆ ಫೈರ್‌ಫಾಕ್ಸ್‌ನ ಒಡೆಯರಾದ ಮೊಜಿಲ್ಲಾದವರು 2019ರಲ್ಲಿ ನಡೆಸಿದ ಪರಿಶೀಲನೆಯ ಫಲವನ್ನು ಹೇಳಬಹುದು: ತಾಣಗಳು ಮುಂದಿಟ್ಟ ಇಂಥ ಕೋರಿಕೆಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತೊಂಬತ್ತನ್ನು ಜನರು ಒಪ್ಪಿಕೊಂಡೇ ಇರಲಿಲ್ಲ. ಯಾರಿಗೂ ಬೇಡವಾದ ಪ್ರಶ್ನೆಯನ್ನು ಕೇಳುತ್ತಿರುವುದೇಕೆಂದು ಮರುವರ್ಷದ ಜನವರಿಯಿಂದ ಫೈರ್‌ಫಾಕ್ಸು, ಅದರ ಬೆನ್ನಿಗೇ ಕ್ರೋಮು, ಈ ಕೋರಿಕೆಗಳ ಸದ್ದಡಗಿಸುವ ಏರ್ಪಾಡನ್ನು ಕೈಗೊಂಡುವು. ಪೂರ್ತಿಯಾಗಿ ಬಾಯಿ ಮುಚ್ಚಿಸುವ ಕೆಲಸವನ್ನು ಮಾತ್ರ ಇನ್ನೂ ನಮಗೇ ಬಿಟ್ಟಿದ್ದಾರೆ.

ಇಷ್ಟು ಮಾಡಿಯೂ ಕಿಟಕಿಗಳು ನಿಲ್ಲದಿದ್ದರೆ ಮೂಲವು ಬೇರೆಡೆಯಲ್ಲಿದೆಯೆಂದು ತಿಳಿಯತಕ್ಕದ್ದು. ಉಚಿತ ತಂತ್ರಾಂಶವೊಂದನ್ನು ಹಾಕುವಾಗ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತಿಕೊಂಡು ಹೋದವನ ಯಂತ್ರದೊಳಕ್ಕೆ ಅದರ ಸಂಗಡಿಗರಾಗಿ ಮತ್ತೆರಡು ಜಾಹೀರಾತಿನ ತಂತ್ರಾಂಶಗಳೋ, ಬ್ರೌಸರಿನ ಎಕ್ಸ್‌ಟೆನ್ಷನ್ನುಗಳೋ ನುಸುಳಿರಬಹುದು. ಎಕ್ಸ್‌ಟೆನ್ಷನ್ನುಗಳ ಪುಟವನ್ನು ತೆರೆದು ಪರಿಚಯವಿಲ್ಲದುದನ್ನು ತೆಗೆದುಹಾಕುವುದು, ವಿಂಡೋಸಿನ ಆಪ್‌ಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಉಪದ್ರವ ಮೊದಲಾದ ದಿನದ ಸುತ್ತಮುತ್ತ ಬಂದುದನ್ನು ಪರೀಕ್ಷಿಸುವುದು, ಬಳಿಕ ವಿಂಡೋಸ್ ಸೆಕ್ಯುರಿಟಿಯೊಳಗಿನ ಡಿಫೆಂಡರಿನಿಂದ ಒಂದು ‘ಫುಲ್ ಸ್ಕ್ಯಾನ್’ ಮಾಡಿಸುವುದು, ಇಷ್ಟು ಸಾಕಾಗುತ್ತದೆ. ಡಿಫೆಂಡರು ವಿಂಡೋಸಿನೊಡನೆಯೇ ಉಚಿತವಾಗಿ ಬಂದಿರುವುದಾದುದರಿಂದ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: ಮೂಲೆಯಲ್ಲಿ ಮೂಡುವ ಸಂದೇಶಗಳಲ್ಲಿ ಕೆಲವನ್ನು ಕಳುಹಿಸುವವರು ವಿಂಡೋಸಿನ ಯಜಮಾನರೇ. ಎಡ್ಜ್ ಬಳಸಿ, ಒನ್‌ಡ್ರೈವಿನಲ್ಲಿ ಜಾಗ ಕೊಳ್ಳಿ ಎಂಬಂಥ ಆ ‘ಸಲಹೆ’ಗಳಲ್ಲಿ ವಂಚನೆಯಿಲ್ಲ, ಸಂಕೋಚವೂ ಇಲ್ಲ, ವಿಂಡೋಸಿನ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದ ನೋಟಿಫಿಕೇಷನ್ಸ್ ಪುಟದ ಕಟ್ಟಕಡೆಯಲ್ಲಿ ಅವನ್ನು ನಿಲ್ಲಿಸುವ ಗುರುತುಗಳಿವೆ. ಪುಟದ ಕಟ್ಟಕಡೆಯಲ್ಲಿ ಏಕೆಂದು ಕೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಕ್ರೂರವಾದುದು ಪರದೆಯನ್ನೆಲ್ಲ ಆಕ್ರಮಿಸಿಕೊಂಡು ಸೈರನ್ನಿನ ಸದ್ದು ಮಾಡುವ ಪುಟ. ನಿಮ್ಮ ಯಂತ್ರಕ್ಕೆ ಬೀಗ ಬಿದ್ದಿದೆ, ಆರಿಸಬೇಡಿ, ಮೈಕ್ರೋಸಾಫ್ಟಿನವರನ್ನು ಈ ಸಂಖ್ಯೆಯಲ್ಲಿ ಕರೆಯಿರಿ ಎಂದು ಅದು ಬರಹದಲ್ಲಿಯೂ ಧ್ವನಿಯಲ್ಲಿಯೂ ಒರಲುತ್ತದೆ. ಯಂತ್ರಕ್ಕೆ ಬೀಗವೂ ಬಿದ್ದಿಲ್ಲ, ವೈರಸ್ಸೂ ಬಂದಿಲ್ಲ. ಒಂದು ಸಾಮಾನ್ಯ ಪುಟವು ಪೂರ್ಣಪರದೆಗೆ ಹಿಗ್ಗಿ ನಿಂತಿದೆಯಷ್ಟೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿಯ ಸಂಖ್ಯೆ ಎಂದೂ ಇರುವುದಿಲ್ಲವೆಂಬುದನ್ನು ನೆನಪಿಟ್ಟರೆ ಅರ್ಧ ಧೈರ್ಯ ಬಂದಂತೆ. ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿಹಿಡಿದರೆ ಪುಟವು ಸಾಮಾನ್ಯವಾಗಿ ಕುಗ್ಗುತ್ತದೆ. ಕುಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಮುಗಿಸಿ, ಮತ್ತೆ ತೆರೆಯುವಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂಬ ಪ್ರಶ್ನೆಗೆ ಬೇಡವೆನ್ನಬೇಕು. ಆ ಸಂಖ್ಯೆಗೆ ಕರೆ ಮಾಡಿದವನಿಗೆ ಅತ್ತಲಿಂದ ಸಿಗುವುದು ಬಹು ವಿನಯದ ಮಾತು. ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಕೊಳ್ಳಿರೆಂಬ ಸಲಹೆ. ಅಲ್ಲಿಂದ ಬ್ಯಾಂಕಿನ ಖಾತೆಗೆ ದೂರವಿಲ್ಲ. ಇಂಥ ತಂತ್ರಾಂಶಗಳಲ್ಲಿ ಒಂದಾದ ಎನಿಡೆಸ್ಕ್ ದುರುಪಯೋಗವಾಗುತ್ತಿರುವುದನ್ನು ಕುರಿತು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು.

ಈ ವ್ಯಾಪಾರದ ಒಂದು ದೊಡ್ಡ ಭಾಗವು ನಮ್ಮ ದೇಶದ ಕಾಲ್‌ಸೆಂಟರುಗಳಿಂದಲೇ ನಡೆದುಬಂದಿದೆಯೆಂಬುದು ಲಜ್ಜೆಯ ಸಂಗತಿ. ಅಮೆರಿಕ, ಬ್ರಿಟನ್ನುಗಳ ವೃದ್ಧರನ್ನು ಗುರಿಯಾಗಿಸಿಕೊಂಡ ಇಂಥ ಕೂಟಗಳ ವಿಷಯದಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಸಂಸ್ಥೆಗಳು ಕೊಟ್ಟ ದೂರನ್ನೂ ಸೇರಿಸಿಕೊಂಡು, 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ–2’ ಎಂಬ ಹೆಸರಿನಿಂದ ಹಲವು ರಾಜ್ಯಗಳ 76 ಸ್ಥಳಗಳಲ್ಲಿ ಶೋಧ ನಡೆಸಿತು. ನಮ್ಮವರೇ ಬಲಿಯಾದಾಗ ಮಾಡಬೇಕಾದುದು, ಯಂತ್ರವನ್ನು ಅಂತರಜಾಲದಿಂದ ಕಳಚಿ, ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಯಾದ 1930ಕ್ಕೆ ತಡಮಾಡದೆ ಕರೆಮಾಡುವುದು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಚದುರಿಹೋಗುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲಿನ ಕೆಲವು ಗಂಟೆಗಳಲ್ಲಿ ಮಾತ್ರ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದವರಿಗೆ ಪೊಲೀಸರು ಹೇಳಬಹುದಾದುದು ಹೆಚ್ಚಿಲ್ಲ.

2024ರಿಂದೀಚೆಗೆ ಯಂತ್ರಮಾನವನ ಪರೀಕ್ಷೆಗೆ ಇನ್ನೊಂದು ವಿಷದ ಹಲ್ಲು ಮೂಡಿದೆ. ಮನುಷ್ಯರೆಂದು ರುಜುವಾತುಪಡಿಸಲು ವಿಂಡೋಸ್ ಕೀಲಿಯನ್ನೂ ‘ಆರ್’ ಅಕ್ಷರವನ್ನೂ ಒತ್ತಿರಿ, ಆಮೇಲೆ ಕಂಟ್ರೋಲ್ ಮತ್ತು ‘ವಿ’, ಆಮೇಲೆ ಎಂಟರ್ ಎಂದು ಪುಟವು ಹೇಳುತ್ತದೆ. ಹಾಗೆ ಮಾಡಿದವನು, ಆ ಪುಟವು ಗುಟ್ಟಾಗಿ ಕ್ಲಿಪ್‌ಬೋರ್ಡಿನಲ್ಲಿ ಇಟ್ಟಿದ್ದ ಆಜ್ಞೆಯನ್ನು ತನ್ನ ಕೈಯಾರೆ ಯಂತ್ರಕ್ಕೆ ಉಣಿಸಿದಂತಾಗಿ, ಗುಪ್ತಪದಗಳನ್ನು ಕದಿಯುವ ನಿಜವಾದ ದುಷ್ಟ ತಂತ್ರಾಂಶವು ಒಳಗಿಳಿಯುತ್ತದೆ. ನೋಟಿಫಿಕೇಷನ್ನಿನ ಕಾಟವು ಒಂದು ಅನುಮತಿಯನ್ನು ಹಿಂದೆಗೆದರೆ ತೀರುತ್ತದೆ, ಇದು ತೀರುವುದಿಲ್ಲ. ಯಾವ ನಿಜವಾದ ಪರೀಕ್ಷೆಯೂ ಬ್ರೌಸರಿನ ಹೊರಗೆ ಬಂದು ಕೀಲಿಗಳನ್ನು ಒತ್ತುವಂತೆ ಕೇಳುವುದಿಲ್ಲ.

ವಯಸ್ಸಾದ ತಂದೆತಾಯಿಗಳ ಮನೆಯಲ್ಲಿ ಕಂಪ್ಯೂಟರನ್ನಿಟ್ಟು ತಾವು ಬೆಂಗಳೂರಿನಲ್ಲೋ ಡಾಲಸ್ಸಿನಲ್ಲೋ ಇರುವ ಮಕ್ಕಳು, ಹಬ್ಬಕ್ಕೆ ಊರಿಗೆ ಬಂದಾಗ ಬ್ರೌಸರಿನ ಆ ನೋಟಿಫಿಕೇಷನ್ಸ್ ಪುಟವನ್ನು ತೆರೆದು, ಯಾದಿಯನ್ನು ಬರಿದುಮಾಡಿ, ಕೋರಿಕೆಗಳನ್ನೇ ನಿಷೇಧಿಸಿ ಹೋಗುವುದು ಒಳ್ಳೆಯದು. ಎಡ್ಜ್ ಮತ್ತು ಕ್ರೋಮ್ ಎರಡೂ ಇದ್ದರೆ ಎರಡರಲ್ಲಿಯೂ ಬೇರೆಬೇರೆಯಾಗಿ ಮಾಡಬೇಕು. ಒಂದರ ಆಜ್ಞೆ ಇನ್ನೊಂದಕ್ಕೆ ತಟ್ಟದು. ಬ್ರೌಸರಿನ ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್ ಎಂಬ ಭಾಗದಲ್ಲಿ, ಬ್ರೌಸರನ್ನು ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಕೆಲಸ ಮುಂದುವರಿಸಲು ಬಿಡುವ ಗುರುತೊಂದಿರುತ್ತದೆ, ಅದನ್ನೂ ನಿಲ್ಲಿಸಿಬಿಡಬಹುದು. ಮೊಮ್ಮಕ್ಕಳ ಮಾತು ವಾಟ್ಸಾಪ್ ವೆಬ್ಬಿನಲ್ಲಿ ಬಂದುದು ತಿಳಿಯಲೇಬೇಕೆಂದು ಅಜ್ಜಿ ಹಟ ಹಿಡಿದರೆ, ಅದೊಂದರ ವಿಳಾಸವನ್ನು ಮಾತ್ರ ಅನುಮತಿಯ ಪಟ್ಟಿಗೆ ಕೈಯಿಂದಲೇ ಸೇರಿಸುವ ಅವಕಾಶವೂ ಆ ನೋಟಿಫಿಕೇಷನ್ಸ್ ಪುಟದಲ್ಲಿದೆ.